ಗಾಳಿಗೆ ಬೀಗ ಹಾಕಿದ ಪೆಟ್ಟಿಗೆ

“ಒಂದ್ ತೂತಾದ್ರೂ ಬ್ಯಾಡ್ವಾ ಸಾ? ಸದ್ದು ಆಚೀಗ್ ಬರೋದೆಂಗೆ?”

ಮದ್ದೂರಿನ ಆಚಾರ್ರು ಉಳಿ ಕೆಳಗಿಟ್ಟು ಕೇಳಿದಾಗ ನನ್ನ ಬಳಿ ನೆಟ್ಟಗೆ ಉತ್ತರವಿರಲಿಲ್ಲ. ಹಿಂಬದಿ ಪೂರ್ತಿ ಮುಚ್ಚಿದ ಸ್ಪೀಕರ್ ಪೆಟ್ಟಿಗೆಯಲ್ಲಿ ಬೇಸ್, ಅಂದರೆ ಮಂದ್ರದ ಸದ್ದು, ಆಳಕ್ಕಿಳಿಯುತ್ತದೆ ಎಂದು ಓದಿದ್ದೆ, ಅಷ್ಟೇ. ನಂಬಿಕೆ ಇನ್ನೂ ಬಂದಿರಲಿಲ್ಲ.

ಹಿಂದಿನ ರಾತ್ರಿ ಮಂಡ್ಯದ ಮನೆಯಲ್ಲಿ ಎಂಟಿಂಚಿನ ವೂಫರನ್ನು, ಅಂದರೆ ಬೇಸ್ ನುಡಿಸುವ ಸ್ಪೀಕರನ್ನು, ಬರಿದೇ ಮೇಜಿನ ಮೇಲಿಟ್ಟು ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಹಾಡು ಹಾಕಿದ್ದೆ. ತಂಬೂರಿ ತಗಡಿನಂತೆ ಕೇಳಿಸಿತು! ವೂಫರಿನ ಕೋನ್ ಮುಂದಕ್ಕೆ ನುಗ್ಗಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಬೆನ್ನಿನ ಗಾಳಿ ಸಡಿಲವಾಗುತ್ತದೆ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ಎಂಟಿಂಚಿನ ಅಂಚು ಅದಕ್ಕೆ ಯಾವ ಲೆಕ್ಕ? ಮುಂದಿನದೂ ಹಿಂದಿನದೂ ಅಂಚು ಬಳಸಿ ಬಂದು ಒಂದನ್ನೊಂದು ತಿಂದುಹಾಕುತ್ತವೆ. ಮಂದ್ರ ಹುಟ್ಟುವಲ್ಲೇ ಸಾಯುತ್ತದೆ.

ಸರಿ, ಬೆನ್ನು ಮುಚ್ಚಿದರಾಯಿತು. ಆದರೆ ನನ್ನನ್ನು ಬೆರಗುಗೊಳಿಸಿದ್ದು ಅದಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ ಸುಮ್ಮನೆ ಕೂರುವುದಿಲ್ಲ, ದುಡಿಯುತ್ತದೆ! ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಹಿಡಿ ಹೇಗೆ ವಾಪಸ್ ಪುಟಿಯುತ್ತದೆ. ಅದೇ ಸ್ಪ್ರಿಂಗ್. ಅಮೆರಿಕದ ಎಡ್ಗರ್ ವಿಲ್ಚರ್ ಇದನ್ನು ಹಿಡಿದರು. ಆಗೆಲ್ಲ ಆಳವಾದ ಬೇಸ್ ಬೇಕೆಂದರೆ ಬೀರುವಿನಷ್ಟು ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಕೋನನ್ನು ಹಿಡಿದಿಡುವ ಬಟ್ಟೆ ರಬ್ಬರುಗಳ ಬಿಗಿತವನ್ನೇ ಸಡಿಲಗೊಳಿಸಿ, ಕೋನನ್ನು ಹಿಡಿದೆಳೆಯುವ ಕೆಲಸವನ್ನು ಗಾಳಿಗೆ ಒಪ್ಪಿಸಿದರು. ಅವುಗಳಿಗಿಂತ ಗಾಳಿ ಹದವಾದ ಸ್ಪ್ರಿಂಗ್, ಹೀಗಾಗಿ ಸದ್ದು ಸೊಟ್ಟಗಾಗುವುದೂ ಕಡಿಮೆ. 1954ರಲ್ಲಿ ಎಆರ್-1 ಎಂಬ ಪುಟ್ಟ ಪೆಟ್ಟಿಗೆ ಹೊರಬಂತು.

ವೂಫರಿನ ಜೊತೆ ಬರುವ ಕಾಗದದಲ್ಲಿ ‘ವ್ಯಾಸ್’ ಎಂಬ ಅಂಕಿಯಿದೆ. ಅದನ್ನು ಅರ್ಥಮಾಡಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೋನಿನ ಹಿಡಿತದ ಬಿಗಿತವನ್ನು ಅಲ್ಲಿ ಲೀಟರಿನಲ್ಲಿ ಬರೆದಿದ್ದಾರೆ, ಇಷ್ಟು ಲೀಟರ್ ಗಾಳಿಯ ಬಿಗಿತಕ್ಕೆ ಸಮ ಎಂದು! ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಹಾಕಿಕೊಟ್ಟ ದಾರಿ; ಮುಂದೆ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಆ ಲೆಕ್ಕದಲ್ಲೇ ನಮ್ಮ ಪೆಟ್ಟಿಗೆಯ ಒಳಅಳತೆ 25, 28, 40 ಸೆಂಟಿಮೀಟರ್ ಎಂದು ಗೊತ್ತಾಯಿತು. 28 ಲೀಟರ್. ಇದಕ್ಕಿಂತ ತೀರಾ ಇಕ್ಕಟ್ಟಾದರೆ ಗಾಳಿ ಬಿರುಸಾಗಿ ಬೇಸ್ ಗುಂಯ್‌ಗುಟ್ಟುತ್ತದೆ. ತೂತಿರುವ ಪೆಟ್ಟಿಗೆಗಿಂತ ಇದು ಹೆಚ್ಚು ವ್ಯಾಟ್ ಕೇಳುತ್ತದೆ ನಿಜ. ಕೊಡೋಣ, ಅದು ತಕ್ಕ ಬೆಲೆಯೇ.

ಇನ್ನು ಪೆಟ್ಟಿಗೆಯೊಳಗೆ ತುಂಬಲು ಹತ್ತಿ! ಮಳವಳ್ಳಿಯ ಹಾಸಿಗೆ ಅಂಗಡಿಯಲ್ಲಿ ಬೂರುಗದ ಹತ್ತಿ ಕೇಳಿದರೆ “ದಿಂಬು ಎಷ್ಟು?” ಅಂದರು. ಒತ್ತಿದಾಗ ಗಾಳಿ ಕೊಂಚ ಬಿಸಿಯಾಗುತ್ತದೆ, ಆ ಬಿಸಿಯನ್ನು ಎಳೆಗಳು ಹೀರಿಕೊಳ್ಳುತ್ತವೆ, ಗಾಳಿ ಮೆತ್ತಗಾಗುತ್ತದೆ. ಹದವಾಗಿ ತುಂಬಿದರೆ ಪೆಟ್ಟಿಗೆ ದೊಡ್ಡದಾದಂತೆ ವರ್ತಿಸುತ್ತದೆ. ಲೆಕ್ಕದ ಪ್ರಕಾರ ಗರಿಷ್ಠ 1.4 ಪಟ್ಟು, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಆದರೂ!

ಹದಿನೆಂಟು ಮಿಲಿಮೀಟರ್ ಪ್ಲೈವುಡ್, ಸಂದು ಸಂದಿಗೂ ಫೆವಿಕಾಲ್. ವೂಫರ್ ಕೂರಿಸಿ ಕೋನನ್ನು ಅಂಗೈಯಿಂದ ಮೆಲ್ಲಗೆ ಒತ್ತಿದೆ. ಹಿಂದೆಲ್ಲೋ ಸುಸ್ ಎಂದಿತು. ಆಚಾರ್ರು ಊದಿನಕಡ್ಡಿ ಹಚ್ಚಿ ಪೆಟ್ಟಿಗೆಯ ಸುತ್ತ ನಿಧಾನ ಆಡಿಸಿದರು. ವೈರ್ ಹೊರಬರುವ ತೂತಿನ ಬಳಿ ಹೊಗೆ ಚಕ್ಕನೆ ಬಾಗಿತು. ಸೂಜಿಮೊನೆಯಷ್ಟು ಸಂದು! ಎಂಸೀಲ್ ಮೆತ್ತಿ, ಒಣಗುವವರೆಗೆ ಕಾದು, ಮತ್ತೆ ಒತ್ತಿದೆ. ಈ ಸಲ ಗಾಳಿ ನನ್ನ ಅಂಗೈಯನ್ನೇ ವಾಪಸ್ ತಳ್ಳಿತು.

ಅದೇ ಹಾಡು ಹಾಕಿದೆ. ತಂಬೂರಿಯ ದಪ್ಪ ತಂತಿ ಮಿಡಿದೊಡನೆ ಕಾಲಡಿಯ ರೆಡ್ ಆಕ್ಸೈಡ್ ನೆಲದಲ್ಲಿ ಏನೋ ಸರಿದಾಡಿತು. ಮಿಡಿತ ನಿಂತೊಡನೆ ಬೇಸ್ ಕೂಡ ನಿಂತಿತು, ಬಾಲ ಉಳಿಯಲಿಲ್ಲ. ಆಚಾರ್ರು ತೂತಿಲ್ಲದ ಬೆನ್ನಹಲಗೆಗೆ ಅಂಗೈ ಆನಿಸಿ, ಹಾಡು ಮುಗಿಯುವವರೆಗೂ ತೆಗೆಯಲಿಲ್ಲ.

“ಇನ್ನೊಂದ್ ಕಿವೀಗೂ ಒಂದ್ ಪೆಟ್ಗೆ ಬೇಕಲ್ವಾ ಸಾ?” ಅನ್ನುತ್ತಾ ಅಳತೆಟೇಪು ಎತ್ತಿಕೊಂಡರು.