ಜೆರಾಕ್ಸ್‌ಗೂ ಬಗ್ಗದ ಗುಟ್ಟಿನ ಗುರುತು

ವಾಣಿವಿಲಾಸ ಸಾಗರ ಜಲಾಶಯ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. 1933ರ ನಂತರ ಇದೇ ಮೊದಲು ಎಂಬ ಸಂಭ್ರಮಕ್ಕೆ ಹಿರಿಯೂರು, ಹೊಸದುರ್ಗದ ಮೊಬೈಲುಗಳೆಲ್ಲ ಒದ್ದೆಯಾದವು. ಚಿತ್ರ ತೆಗೆದವರು ಯಾರೆಂದು ಕೇಳಿದವರಿಲ್ಲ. ಮೂಲೆಯಲ್ಲಿ ಹೆಸರಿದ್ದರೂ ಕತ್ತರಿಸಿ ಹಂಚಲು ಎಷ್ಟು ಹೊತ್ತು?

ಮೊನ್ನೆ ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಅದೇ ಜಲಾಶಯದ ಕೋಡಿಯ ತನ್ನದೊಂದು ಚಿತ್ರ ತೋರಿಸಿ, ‘ಇದರಲ್ಲಿ ನನ್ನ ಹೆಸರಿದೆ, ಹುಡುಕಿ ಸಾರ್’ ಎಂದಳು. ಕನ್ನಡಕ ಒರೆಸಿಕೊಂಡು ನೋಡಿದೆ. ನೀರು, ಕಲ್ಲು, ಜನ, ಅಷ್ಟೇ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ನನಗೆ ಕಳಿಸಿ, ವಾಪಸ್ ತರಿಸಿಕೊಂಡು, ಪ್ರೋಗ್ರಾಂ ಓಡಿಸಿದಳು. ಪರದೆಯ ಮೇಲೆ ಅವಳ ಇನಿಷಿಯಲ್ ಮೂಡಿತು! ಅಲ್ಲಲ್ಲಿ ಸವೆದಿತ್ತು, ಆದರೆ ಓದಬಹುದಿತ್ತು.

ಹೀಗೆ ಚಿತ್ರದೊಳಗೆ ಹೆಸರು ಅಡಗಿಸಲು ಸುಲಭದ ದಾರಿ ಹಳೆಯದು: ಪಿಕ್ಸೆಲ್‌ನ ಬಣ್ಣದ ಸಂಖ್ಯೆಯಲ್ಲಿ ಕೊನೆಯ ಬಿಟ್ ಬದಲಿಸುವುದು. 200 ಇದ್ದದ್ದು 201 ಆದರೆ ಯಾವ ಕಣ್ಣಿಗೆ ಗೊತ್ತಾದೀತು? ಆದರೆ ಚಿತ್ರ ಕುಗ್ಗಿಸುವ ಜೆಪೆಗ್ ವಿಧಾನ ಮೊದಲು ಎಸೆಯುವುದೇ ಕಣ್ಣಿಗೆ ಕಾಣದ್ದನ್ನು. ಒಮ್ಮೆ ಕುಗ್ಗಿಸಿದರೆ ಗುರುತೂ ಕಸದಬುಟ್ಟಿಗೆ. ಅದಕ್ಕೇ ಅವಳು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಡಿಸಿಟಿ ಎಂಬ ಗಣಿತದಿಂದ ಪ್ರತಿ ಚೌಕದ ಬಣ್ಣದ ಏರಿಳಿತ ಅಳೆದು, ತೀರಾ ಒರಟೂ ತೀರಾ ನವಿರೂ ಅಲ್ಲದ ನಡುವಿನ ಅಲೆಗಳಲ್ಲಿ ಹೆಸರನ್ನು ಮತ್ತೆ ಮತ್ತೆ ತುಂಬಿದ್ದಳು. ವಾಟ್ಸ್‌ಆ್ಯಪ್ ಅಳತೆ ಬದಲಿಸದಿರಲೆಂದು ಚಿತ್ರವನ್ನು ಮೊದಲೇ ಚಿಕ್ಕದು ಮಾಡಿದ್ದು ಅವಳ ಜಾಣತನ.

ನನಗೆ ಹುಚ್ಚು ಹಿಡಿಸಿದ್ದು ಅವಳು ಆಮೇಲೆ ತೋರಿಸಿದ, 1997ರಲ್ಲಿ ಸಂಶೋಧಕ ಇಂಗೆಮಾರ್ ಕಾಕ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ. ಅವರು ಚಿತ್ರದ ಅತಿ ಮುಖ್ಯ 1000 ಅಂಶಗಳಲ್ಲೇ ಗುರುತು ಹರಡಿದರು. ಅಳಿಸಹೊರಟವನು ಚಿತ್ರವನ್ನೇ ಕೆಡಿಸಬೇಕು! ಮುದ್ರಿಸಿ, ಜೆರಾಕ್ಸ್ ಮಾಡಿ, ಮತ್ತೆ ಸ್ಕ್ಯಾನ್ ಮಾಡಿದರೂ ಗುರುತು ಸಿಕ್ಕಿತು. ಒಂದೇ ಚಿತ್ರಕ್ಕೆ ಐದು ಗುರುತು ತುಂಬಿದರೆ ಐದೂ ಸಿಕ್ಕವು. ತಾಲ್ಲೂಕು ಕಚೇರಿಯ ಜೆರಾಕ್ಸ್ ಪ್ರತಿಗಳನ್ನು ಓದಿ ಬಲ್ಲವರಿಗೆ ಇದೆಂಥ ಸಾಹಸವೆಂದು ಹೇಳಬೇಕಿಲ್ಲ. ಆದರೆ ಆ ಪತ್ತೆಗೆ ಮೂಲಚಿತ್ರ ಕೈಯಲ್ಲಿರಬೇಕು. ಹುಡುಗಿಯ ವಿಧಾನಕ್ಕೆ ಮೂಲ ಬೇಡ. ಚಿತ್ರವನ್ನು ತುಸು ಓರೆ ತಿರುಗಿಸಿದರೆ ಮಾತ್ರ ಚೌಕಗಳ ಲೆಕ್ಕ ತಪ್ಪಿ ಹೆಸರು ಮಾಯ.

ಹಕ್ಕಿನ ಗುರುತನ್ನು ತಿಳಿದೂ ತೆಗೆದುಹಾಕಿದರೆ 2 ವರ್ಷದವರೆಗೆ ಸೆರೆ, ಜೊತೆಗೆ ದಂಡ ಎನ್ನುತ್ತದೆ, ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಬಿ ಸೆಕ್ಷನ್. ಕಾಯ್ದೆಯಿಂದಾಗಲಿ ಗುರುತಿನಿಂದಾಗಲಿ ಕಳ್ಳತನ ನಿಂತೀತೆಂದು ನಾನು ನಂಬುವುದಿಲ್ಲ. ಸಿಕ್ಕಿಬಿದ್ದ ಮೇಲೆ ವಾದಕ್ಕೆ ಬಲ ಬರುತ್ತದೆ, ಅಷ್ಟೆ. ಕೋಡಿಯದೋ ಕೋಟೆಯದೋ ಒಳ್ಳೆಯ ಚಿತ್ರ ತೆಗೆದವರು ಗುರುತು ತುಂಬಿದ ಪ್ರತಿಯನ್ನಷ್ಟೇ ಹಂಚಿ, ಕ್ಯಾಮೆರಾದ ಮೂಲ ಫೈಲನ್ನು ಯಾರಿಗೂ ಕೊಡಬೇಡಿ.