‘ಕ್ಯಾಶ್’ ಎಂಬ ಪದ: ಅಡಗುದಾಣದಿಂದ ಕೈಗಣಜಕ್ಕೆ

ಬ್ಯಾಂಕಿನ ನೌಕರನಿಗೆ ‘ಕ್ಯಾಶ್’ ಎಂದೊಡನೆ ನೆನಪಾಗುವುದು ನಗದು. ಗಣಕಯಂತ್ರದೊಡನೆ ವ್ಯವಹರಿಸುವವರಾದರೋ ಅದೇ ಉಚ್ಚಾರಣೆಯ, ಬೇರೆ ಕಾಗುಣಿತದ ಇನ್ನೊಂದು ಪದವನ್ನು ನಿತ್ಯವೂ ಬಳಸುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದಾಗ ಇವೆರಡಕ್ಕೂ ಭೇದ ಉಳಿಯದು. ಈ ಎರಡನೆಯ ಪದದ ಮೂಲವೇನು, ಅದರ ಅರ್ಥ ಹೇಗೆ ಹೊರಳಿತು, ಅದಕ್ಕೆ ಕನ್ನಡದಲ್ಲಿ ಯಾವ ಮಾತು ಸಲ್ಲುತ್ತದೆ ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನಗದಿನ ಕ್ಯಾಶನ್ನು ಬೇರ್ಪಡಿಸೋಣ. ಅದು ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್, ಇಟಾಲಿಯನ್ ಪದಗಳಿಂದ ಬಂದುದು. ಪೆಟ್ಟಿಗೆಯ ಹೆಸರು ಒಳಗಿನ ಹಣಕ್ಕೆ ಅಂಟಿಕೊಂಡಿತು. ದಕ್ಷಿಣ ಭಾರತದ ಸಣ್ಣ ನಾಣ್ಯವನ್ನೂ ಇಂಗ್ಲಿಷರು ‘ಕ್ಯಾಶ್’ ಎಂದರು. ಅದು ಪೋರ್ಚುಗೀಸರ ನಾಲಗೆಯಲ್ಲಿ ಹಾದುಹೋದ ನಮ್ಮ ‘ಕಾಸು’. ಮದರಾಸಿನ ಹಳೆಯ ಲೆಕ್ಕದಲ್ಲಿ 80 ಕಾಸಿಗೆ ಒಂದು ‘ಫನಂ’, ಎಂದರೆ ನಮ್ಮ ‘ಹಣ’.

ನಮ್ಮ ವಿಚಾರದ ಪದ ಇವೆರಡಕ್ಕೂ ನಂಟಲ್ಲ. ಅದರ ಮೂಲ, ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಧಾತು. ಉತ್ತರ ಅಮೆರಿಕದ ಕಾಡುಗಳಲ್ಲಿ ಅಲೆಯುತ್ತಿದ್ದ ಫ್ರೆಂಚ್ ಬೇಟೆಗಾರರು ಹೊರಲಾರದ ತೊಗಲು, ಆಹಾರ, ಮದ್ದುಗಳನ್ನು ನೆಲದಲ್ಲಿ ಹೂತು, ಗುರುತು ಸಿಗದಂತೆ ಮುಚ್ಚಿ ಹೋಗುತ್ತಿದ್ದರು. ಕೊಲರಾಡೊ ಪ್ರಾಂತದ ‘ಕ್ಯಾಶ್ ಲಾ ಪೂದ್ರ್’ ನದಿಯ ಹೆಸರಿಗೆ ‘ಮದ್ದನ್ನು ಬಚ್ಚಿಡು’ ಎಂದೇ ಅರ್ಥ. 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕರ ತಂಡವೂ ಮಿಸೌರಿ ನದಿಯ ದಡದಲ್ಲಿ ಹೀಗೆಯೇ ಸಾಮಾನು ಹೂತಿಟ್ಟು ಮುಂದೆ ಸಾಗಿತು. ವೃತ್ತಪತ್ರಿಕೆಗಳು ಬಚ್ಚಿಟ್ಟ ಶಸ್ತ್ರಗಳ ವಿಚಾರದಲ್ಲಿ ಈ ಪದವನ್ನು ಬಳಸುವುದು ಈ ಅರ್ಥದಲ್ಲಿಯೇ.

ಗಣಕಯಂತ್ರಕ್ಕೆ ಈ ಪದ ಬಂದುದು ತಡವಾಗಿ. ಯಂತ್ರದ ಲೆಕ್ಕಿಗ ಭಾಗವು ಬಲು ಚುರುಕು. ಮುಖ್ಯ ಸ್ಮೃತಿಕೋಶವು ವಿಶಾಲವಾದರೂ ನಿಧಾನ. ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ 1965ರಲ್ಲಿ, ಇವೆರಡರ ನಡುವೆ ಚಿಕ್ಕದೊಂದು ಶೀಘ್ರ ಕೋಶವಿದ್ದು ಈಚೆಗೆ ಬಳಸಿದ ಅಂಶಗಳ ಪ್ರತಿಯನ್ನು ಇಟ್ಟುಕೊಂಡರೆ ಕಾಯುವ ಹೊತ್ತು ಉಳಿಯುವುದೆಂದು ತೋರಿಸಿದರು. ಈಗ ಬೇಕಾದುದೇ ಇನ್ನೊಂದು ಕ್ಷಣಕ್ಕೂ ಬೇಕಾಗುವುದು ಹೆಚ್ಚು ಸಂಭವವೆಂಬುದೇ ಇದರ ತಿರುಳು. 1968ರಲ್ಲಿ ಐಬಿಎಂ ಸಂಸ್ಥೆಯ ‘ಸಿಸ್ಟಂ 360’ ಮಾಲೆಯ 85ನೆಯ ಮಾದರಿಯಲ್ಲಿ ಅಂಥ ಕೋಶ ಬಂದಿತು. ಅದರ ಅಳತೆ 16,384 ಬೈಟುಗಳಿಂದ ಆರಂಭ. ಅದನ್ನು ವರ್ಣಿಸಿದ ಪ್ರಬಂಧದಲ್ಲಿ ‘ಕ್ಯಾಶ್’ ಎಂಬ ಹೆಸರು ನೆಲೆಯಾಯಿತು. ಆದೇಶಗಳನ್ನು ಬರೆಯುವವನ ಕಣ್ಣಿಗೆ ಈ ಕೋಶ ಬೀಳುವುದಿಲ್ಲ; ಆ ಮಟ್ಟಿಗೆ ‘ಬಚ್ಚಿಟ್ಟದ್ದು’ ಎಂಬ ಮೂಲಾರ್ಥ ಉಳಿದಿದೆ. ಆದರೆ ಅದರ ಪ್ರಯೋಜನ ಬಚ್ಚಿಡುವುದಲ್ಲ, ಬೇಗ ಒದಗುವುದು. ದೂರದ ಕಾಡಿನ ಗುಂಡಿಯ ಹೆಸರು ಕೈಗೆಟಕುವ ಡಬ್ಬಿಗೆ ಸಂದುದೇ ಈ ಪದದ ಸೋಜಿಗ.

ನಮ್ಮ ಅಡಿಗೆಮನೆಯಲ್ಲಿ ಇದರ ರೂಪವಿದೆ. ಉಗ್ರಾಣದಲ್ಲಿ ಮಣಗಟ್ಟಲೆ ಸಾಸಿವೆ ಇದ್ದರೂ ಒಗ್ಗರಣೆಯ ಹೊತ್ತಿಗೆ ಗೃಹಿಣಿ ಅಲ್ಲಿಗೆ ಓಡುವುದಿಲ್ಲ. ಒಲೆಯ ಪಕ್ಕದ ಒಗ್ಗರಣೆ ಡಬ್ಬಿಗೆ ಕೈ ಹಾಕುತ್ತಾಳೆ. ಆದರೆ ಒಂದು ಭೇದವುಂಟು: ಡಬ್ಬಿಯ ಸಾಸಿವೆ ಉಗ್ರಾಣದಿಂದ ತೆಗೆದುದು, ಕ್ಯಾಶಿನಲ್ಲಿರುವುದು ಪ್ರತಿ ಮಾತ್ರ. ಮೂಲ ಬದಲಾಗಿ ಪ್ರತಿ ಹಳತಾದರೆ ಅಪಾಯ.

ಈ ಅಪಾಯವನ್ನು ನಾನು ಕಂಡುದು ಯಂತ್ರದಲ್ಲಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೈಬರಹದ ಲೆಡ್ಜರುಗಳಿದ್ದ ಸಣ್ಣ ಶಾಖೆಯೊಂದರಲ್ಲಿ, ಪ್ರತಿಸಲ ಲೆಡ್ಜರಿನವರೆಗೆ ನಡೆಯಲು ಬೇಸತ್ತು, ದಿನವೂ ಬರುವ ಗಿರಾಕಿಗಳ ಬಾಕಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕೆಲಸ ಚುರುಕಾಯಿತು, ಮೆಚ್ಚುಗೆಯೂ ಬಂದಿತು. ಒಂದು ದಿನ ಲೆಡ್ಜರಿನಲ್ಲಿ ಖರ್ಚು ಬಿದ್ದಿದ್ದ ಚೆಕ್ಕೊಂದು ನನ್ನ ಚೀಟಿಗೆ ಏರಿರಲಿಲ್ಲ. ಇಲ್ಲದ ಹಣಕ್ಕೆ ಪಾವತಿಯಾಯಿತು. ಆ ರಾತ್ರಿ ಗಿರಾಕಿಯ ಮನೆಯ ಬಾಗಿಲು ತಟ್ಟಿದುದು ಇಂದಿಗೂ ಮರೆತಿಲ್ಲ. ಶೀಘ್ರತೆಯ ಬೆಲೆಯೆಂದರೆ, ಪ್ರತಿಯನ್ನು ಮೂಲದೊಡನೆ ತಾಳೆನೋಡುವ ಎಚ್ಚರ. ಇಂದಿನ ಯಂತ್ರಶಿಲ್ಪಿಗಳಿಗೂ ಇದೇ ಕಠಿಣ ಸಮಸ್ಯೆ.

ಇನ್ನು ಕನ್ನಡದ ಮಾತು. ನಿಘಂಟು ನೋಡಿ ‘ಗುಪ್ತನಿಧಿ’ ಎಂದರೆ ಗಣಕಯಂತ್ರದ ವಿಷಯದಲ್ಲಿ ಅನರ್ಥವಾಗುತ್ತದೆ. ಶಾಸನಗಳ ಅಷ್ಟಭೋಗಗಳಲ್ಲಿ ಬರುವ ‘ನಿಧಿ’, ‘ನಿಕ್ಷೇಪ’ಗಳು ನೆಲದೊಳಗಿನ ಸೊತ್ತಿಗೆ ಸಂಬಂಧಿಸಿದವು, ಧರ್ಮಶಾಸ್ತ್ರದಲ್ಲಿ ‘ನಿಕ್ಷೇಪ’ಕ್ಕೆ ಠೇವಣಿ ಎಂಬ ಅರ್ಥವೂ ಇದೆ. ಜೋಳವನ್ನು ನೆಲದೊಳಗೆ ತುಂಬಿ ಬಾಯಿ ಮುಚ್ಚುವ ಉತ್ತರ ಕರ್ನಾಟಕದ ‘ಹಗೇವು’ ಬೇಟೆಗಾರರ ಗುಂಡಿಗೆ ಸರಿಸಾಟಿ; ಆದರೆ ಅದನ್ನು ತೆರೆಯುವುದು ಕ್ಷಣದ ಕೆಲಸವಲ್ಲ.

ಆದಕಾರಣ ಒಂದು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎರಡು ಬೇಕು. ಬಚ್ಚಿಟ್ಟ ತಾಣಕ್ಕೆ ‘ಅಡಗುದಾಣ’ ಸಾಕು. ಯಂತ್ರದ ಶೀಘ್ರ ಕೋಶಕ್ಕೆ, ‘ಕೈಗಡ’ದ ಮಾದರಿಯಲ್ಲಿ, ‘ಕೈಗಣಜ’ ಎಂದರೆ ಹೇಗೆ? ಪರಭಾಷೆಯ ನಡುವೆ ಬಾಳುವ ನಮಗೆ ಎರವಲು ಪದ ನಿಷಿದ್ಧವಲ್ಲ. ಆದರೆ ಪದದ ಮೂಲವನ್ನಷ್ಟೇ ಅನುವಾದಿಸಿ ಅದರ ಕೆಲಸವನ್ನು ಮರೆತರೆ, ನನ್ನ ಚೀಟಿಯಂತೆ, ಹಳತಾದ ಪ್ರತಿಯನ್ನೇ ನಂಬಿದಂತಾಗುವುದು. ವಾಚಕರು ವಿಚಾರಿಸಬೇಕು.