ಯಾವ ಜೋಳದ ಹಳದಿ?

ಮೊದಲು ಮೂಗಿಗೆ ಬರುವುದು ಇದ್ದಿಲ ಹೊಗೆ. ಅದರ ಹಿಂದೆಯೇ ಕೆಂಡಕ್ಕೆ ಕೊಬ್ಬು ತೊಟ್ಟಿಕ್ಕುವ ಚುರ್ ಸದ್ದು, ಈರುಳ್ಳಿ ಹುರಿದ ವಾಸನೆ, ಯಾರದೋ ಲೋಟದಿಂದ ಹುಲ್ಲಿಗೆ ಚೆಲ್ಲಿದ ಬಿಯರಿನ ಹುಳಿ. ಆ್ಯನ್ ಆರ್ಬರ್ ಊರಿನ ಗಾಲ್ಫ್ ಬಯಲಿನಲ್ಲಿ ಇವತ್ತು ಗಾಲ್ಫ್ ಇಲ್ಲ. ಸಾಲಾಗಿ ನಿಂತ ಕಾರುಗಳು ಡಿಕ್ಕಿ ತೆರೆದುಕೊಂಡಿವೆ. ಪ್ರತಿ ಡಿಕ್ಕಿಯ ಹಿಂದೊಂದು ಮಡಚುವ ಮೇಜು, ಮೇಜಿನ ಸುತ್ತ ಒಂದು ಸಂಸಾರ. ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ಬಯಲಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡುವವರನ್ನು ಕಂಡವರಿಗೆ ಇದೇನೂ ಹೊಸತೆನಿಸದು. 2016ರ ಸೆಪ್ಟೆಂಬರ್ 3, ಶನಿವಾರ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಹವಾಯಿಯ ಮೇಲೆ ಈ ಸಲದ ಮೊದಲ ಪಂದ್ಯ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದ ಫುಟ್‌ಬಾಲು ಇದು.

ಎತ್ತ ನೋಡಿದರೂ ಹಳದಿ ಮತ್ತು ಕಡುನೀಲಿ. ಆದರೆ ಕಣ್ಣು ಕಿರಿದು ಮಾಡಿ ನೋಡಿ, ಹಳದಿ ಒಂದೇ ಅಲ್ಲ. ಟೋಪಿ ತಿರುಗಿಸಿ ಹಾಕಿದ ಆ ಹುಡುಗನ ಹೊಸ ಅಂಗಿ ಬೇಯಿಸಿದ ತೆನೆಯ ಬಣ್ಣದ್ದು. ಅವನಪ್ಪ, ಕೈಯಲ್ಲಿ ಇಕ್ಕಳ ಹಿಡಿದು ಸಾಸೇಜು ಹೊರಳಿಸುತ್ತಿರುವ ಗಡ್ಡದವನು, ತೊಟ್ಟಿರುವುದು ರಸ್ತೆ ಕೆಲಸದವರ ಜಾಕೆಟ್ಟಿನ ಹಾಗೆ ಕಣ್ಣು ಚುಚ್ಚುವ ಹಳದಿ. ಕುರ್ಚಿಯಲ್ಲಿ ಕೂತ ತಾತನದು ಒಗೆದೊಗೆದು ಮಾಸಿದ ಅರಿಶಿನದ ಬಟ್ಟೆ. ಯಾರು ಯಾವ ಕಾಲದಲ್ಲಿ ಅಂಗಿ ಕೊಂಡರೆಂದು ಬಣ್ಣ ನೋಡಿಯೇ ಹೇಳಬಹುದು: ತಾತನದು ತೊಂಬತ್ತರ ದಶಕದ ನೈಕಿ, ಅಪ್ಪನದು ಅಡಿಡಾಸ್, ಮಗನದು ಮತ್ತೆ ನೈಕಿ. ತಂಡಕ್ಕೆ ಬಟ್ಟೆ ಒದಗಿಸುವ ಒಪ್ಪಂದ ಬದಲಾದದ್ದು ಹೋದ ತಿಂಗಳಷ್ಟೇ. ಆಗಸ್ಟ್ 1ರ ನಡುರಾತ್ರಿ ಸ್ಟೇಟ್ ಸ್ಟ್ರೀಟಿನ ಅಂಗಡಿ ಬಾಗಿಲು ತೆರೆದಾಗ ಜನ ಸಾಲುಗಟ್ಟಿ ನಿಂತಿದ್ದರು. ಹುಡುಗನ ಅಂಗಿಗೆ ಇನ್ನೂ ಹೊಸ ಬಟ್ಟೆಯ ಗಂಜಿವಾಸನೆ ಇದೆ.

ಜಗಳ ಶುರುವಾಗುವುದು ಅವನ ಎದೆಯ ಮೇಲಿನ ಚಿತ್ರದಿಂದ. ಅಲ್ಲಿ ನೈಕಿಯ ಗೀಟಿಲ್ಲ. ಕಾಲಗಲಿಸಿ ಚೆಂಡೆತ್ತಿ ಹಾರುವ ಮೈಕೆಲ್ ಜೋರ್ಡನ್‌ನ ನೆರಳಿದೆ, ಅದೂ ನೈಕಿಯದೇ ಗುರುತು. ಕಾಲೇಜು ಫುಟ್‌ಬಾಲಿನಲ್ಲಿ ಆ ಗುರುತು ತೊಟ್ಟ ಮೊದಲ ತಂಡ ಇದೇ.

“ಅವನು ಆಡಿದ್ದು ಬ್ಯಾಸ್ಕೆಟ್‌ಬಾಲು, ಓದಿದ್ದು ನಾರ್ತ್ ಕ್ಯಾರೊಲೈನಾದಲ್ಲಿ. ನಮ್ಮೆದೆ ಮೇಲೆ ಅವನ್ಯಾಕೆ ಹಾರಬೇಕು?” ಇಕ್ಕಳ ಗಾಳಿಯಲ್ಲೇ ನಿಲ್ಲುತ್ತದೆ.

“ಅದನ್ನ ನೋಡೇ ಒಳ್ಳೊಳ್ಳೆ ಹುಡುಗರು ನಮ್ಮ ತಂಡಕ್ಕೆ ಬರ್ತಾರೆ, ಅಪ್ಪ. ನಿನ್ನ ಅಡಿಡಾಸ್ ಹಾಕ್ಕೊಂಡು 2008ರಲ್ಲಿ ಹನ್ನೆರಡಕ್ಕೆ ಒಂಬತ್ತು ಸೋತ್ರಲ್ಲ!”

ಅಂಗಿ ಸೋಲುವುದಿಲ್ಲ ಎಂದು ಇವರಿಗೆ ಯಾರು ಹೇಳಬೇಕು? ನಾನಂತೂ ಹೇಳಲಾರೆ, ಕ್ರಿಕೆಟ್ ನೋಡುವಾಗ ಕೂತ ಜಾಗದಿಂದ ಏಳದೆ ಇರುವ ಊರಿನವನು.

ದುಡ್ಡಿನ ಮಾತು ಬರುವುದು ಎರಡನೇ ಸುತ್ತಿನ ಬಿಯರಿನ ಜೊತೆ. ನೈಕಿಯಿಂದ ಹದಿನೈದು ವರ್ಷಕ್ಕೆ ಸುಮಾರು 17 ಕೋಟಿ ಡಾಲರ್, ಒಂದಿಷ್ಟು ನಗದು, ಒಂದಿಷ್ಟು ಬಟ್ಟೆ-ಬೂಟಿನ ರೂಪದಲ್ಲಿ. 2015ರ ಜುಲೈನಲ್ಲಿ ಸುದ್ದಿ ಬಂದಾಗ ಊರು ಬೀಗಿತ್ತು. ಆರು ತಿಂಗಳಿಗೆ ಅದೇ ನೈಕಿ ಓಹಾಯೋ ಸ್ಟೇಟ್‌ಗೆ 25 ಕೋಟಿಗೂ ಮೇಲೆ ಕೊಟ್ಟಿತು. ಓಹಾಯೋ ಅಂದರೆ ಇಲ್ಲಿ ದಾಯಾದಿಯ ಹೆಸರು. ಗಡ್ಡದವನು ಆ ಸಂಖ್ಯೆಯನ್ನು ಹಲ್ಲು ಕಚ್ಚಿಯೇ ಹೇಳುತ್ತಾನೆ. “ಅಂಗಿ ತೊಟ್ಟು ಏಟು ತಿನ್ನೋ ಹುಡುಗನಿಗೆ ಅದರಲ್ಲಿ ಎಷ್ಟು?” ಎಂದು ತಾತ ಕೇಳಿದ್ದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. 2016ರಲ್ಲಿ ಆಟಗಾರನಿಗೆ ಸಿಗುತ್ತಿದ್ದುದು ವಿದ್ಯಾರ್ಥಿವೇತನ, ಊಟ-ವಸತಿ, ಅಂಗಿಯ ಪಾಲಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಬಿಟ್ಟಾಗ ಬಸ್ಸಿಗೆ ಓಡುವ ಹೆಂಗಸರನ್ನು ಕಂಡ ನನಗೆ ಮಾತ್ರ ಹುಡುಗನ ಕಾಲರು ತಿರುಗಿಸಿ, ಹೊಲಿದದ್ದು ಎಲ್ಲಿ ಎಂದು ಓದುವ ಆಸೆ.

ಮಾತು ಮತ್ತೆ ಬಣ್ಣಕ್ಕೇ ಬರುತ್ತದೆ. ವಿದ್ಯಾರ್ಥಿಗಳು 1867ರಲ್ಲೇ ಆರಿಸಿಕೊಂಡದ್ದು ‘ಮೇಜ಼್’, ಅಂದರೆ ನಮ್ಮ ಮುಸುಕಿನ ಜೋಳದ ಬಣ್ಣ. ಯಾವ ಜೋಳ? ಎಳೆಯದೋ, ಬಲಿತದ್ದೋ, ಒಣಗಿಸಿ ಸೂರಿಗೆ ಕಟ್ಟಿದ್ದೋ? ಅದನ್ನು ಗೊತ್ತುಮಾಡಲು 1912ರಲ್ಲೇ ಒಂದು ಸಮಿತಿ ಕೂತಿತ್ತು. ಅಡಿಡಾಸಿನವರು ತಮ್ಮ ಹಳದಿಗೆ ‘ಸನ್’ ಎಂದು ಹೆಸರಿಟ್ಟಿದ್ದರು. ಬಿಸಿಲು ಜೋಳವಲ್ಲ ಎಂದು ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದರು.

ದೂರದಲ್ಲಿ ಡ್ರಮ್ಮು. ವಿಶ್ವವಿದ್ಯಾಲಯದ ಬ್ಯಾಂಡು ಬೀದಿಗಿಳಿದಿದೆ. ಮೇಜು ಮಡಚಿ, ಕೆಂಡಕ್ಕೆ ನೀರು ಸುರಿದು ಮೂವರೂ ಹೊರಡುತ್ತಾರೆ, ನಾವೂ ಹಿಂದೆಯೇ. 1927ರ ಸ್ಟೇಡಿಯಂ ಹೊರಗಿನಿಂದ ಅಷ್ಟು ಎತ್ತರ ಕಾಣುವುದಿಲ್ಲ, ಬಹುಪಾಲು ನೆಲದೊಳಗೇ ಇದೆ. ಬಾಗಿಲು ದಾಟಿದರೆ ಮಾತ್ರ ಕಾಲ ಕೆಳಗೆ ಕಲ್ಯಾಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಲಕ್ಷಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು.

ಆಟ ಶುರು. ಚೆಂಡೆಸೆದು ಆಟ ನಡೆಸುವ ಹೊಸ ಅಂಗಿಯ ಕ್ವಾರ್ಟರ್‌ಬ್ಯಾಕ್ ಎಸೆದ ಮೊದಲ ಪಾಸು ನೇರ ಹವಾಯಿಯವನ ಕೈಗೆ. ಕಲ್ಯಾಣಿಯ ತುಂಬ ಒಂದು ಕ್ಷಣ ಉಸಿರಿಲ್ಲ. ಗಡ್ಡದವನು ಮಗನ ಎದೆಯ ಜೋರ್ಡನ್‌ನನ್ನು ಬೆರಳಲ್ಲಿ ತಟ್ಟಿ, ಏನೂ ಹೇಳದೆ ಹುಬ್ಬು ಹಾರಿಸುತ್ತಾನೆ.

ಪಂದ್ಯ ಮುಗಿದಾಗ ಮಿಷಿಗನ್ 63, ಹವಾಯಿ 3. ಈಗ ಹುಬ್ಬು ಹಾರಿಸುವ ಸರದಿ ಮಗನದು. ತಾತ ಅಷ್ಟರಲ್ಲಿ ಅವನ ಹೊಸ ತೋಳನ್ನು ಹಿಡಿದು ತನ್ನ ಮಾಸಿದ ತೋಳಿನ ಪಕ್ಕ ಇಟ್ಟು, ಬಿಸಿಲಿಗೆ ಅತ್ತಿತ್ತ ತಿರುಗಿಸಿ ನೋಡುತ್ತಿದ್ದಾನೆ.